ಕಡಲೆಕಾಯಿಗೆ ಯಂತ್ರ ಬಂದ ಬಗೆ

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯಲ್ಲಿ ಬರುವ ಕಡಲೆ, ನಾವು ಬಸವನಗುಡಿಯ ಪರಿಷೆಯಲ್ಲಿ ಸೇರುಗಟ್ಟಲೆ ಕೊಂಡು ತರುವ ಕಡಲೆಕಾಯಿಯಲ್ಲ. ಅದು ಉಸಲಿ ಮಾಡುವ ಕಡಲೆ. ಕಡಲೆಕಾಯಿ ನಮ್ಮ ನೆಲಕ್ಕೆ ಹೊಸಬ. ದಕ್ಷಿಣ ಅಮೆರಿಕದ ಬೊಲಿವಿಯಾ ಸುತ್ತಿನ ಸೀಮೆಯಲ್ಲಿ ಹುಟ್ಟಿ, ಯೂರೋಪಿನವರ ಹಡಗುಗಳ ಕಾಲದಲ್ಲಿ ಆಫ್ರಿಕ ಹಾಗೂ ಏಷ್ಯಕ್ಕೆ ಹರಡಿದ ಬೆಳೆ ಇದು. ಹೊಸಬನಾದ್ದರಿಂದ ಸ್ವಂತದ ಹೆಸರಿರಲಿಲ್ಲ. ಹಳೆಯ ಕಡಲೆಯ ಹೆಸರನ್ನೇ ಎರವಲು ಪಡೆಯಿತು. ಎಲ್ಲೋ ಕಡಲೆಕಾಯಿ, ಎಲ್ಲೋ ನೆಲಗಡಲೆ, ಮನೆಮಾತಿನಲ್ಲಿ ಕಳ್ಳೇಕಾಯಿ. ಉತ್ತರ ಕರ್ನಾಟಕದವರು ಮಾತ್ರ ಶೇಂಗಾ ಎಂದು ಮರಾಠಿಯ ನೆರೆಯಿಂದ ಬೇರೆ ಹೆಸರು ತಂದುಕೊಂಡರು.

ಬಂದದ್ದು ತಡವಾದರೂ ನಮ್ಮ ಮಳೆಯಾಶ್ರಿತ ಕೆಂಪು ಮಸಾರಿ ನೆಲಗಳ ಬದುಕು ಈ ಬೆಳೆಯ ಮೇಲೆ ನಿಂತಿತು. ಚಳ್ಳಕೆರೆ, ಪಾವಗಡ, ಶಿರಾ ಕಡೆಯ ರೈತನ ಮನೆಯಲ್ಲಿ ಮದುವೆ ನಡೆಯುವುದೂ, ಸಾಲ ತೀರುವುದೂ ಅನೇಕ ವರ್ಷ ಕಡಲೆಕಾಯಿಯ ಲೆಕ್ಕದಲ್ಲೇ. ಆದರೂ ಭತ್ತಕ್ಕೆ, ಗೋಧಿಗೆ ಯಂತ್ರಗಳು ಬಂದಷ್ಟು ಸುಲಭವಾಗಿ ಈ ಬೆಳೆಗೆ ಬರಲಿಲ್ಲ. ಏಕೆಂದು ಕೇಳಿದರೆ ಉತ್ತರ ಗಿಡದಲ್ಲಿಯೇ ಇದೆ.

ಕಡಲೆಕಾಯಿಯ ಹೂವು ಅರಳುವುದು ನೆಲದ ಮೇಲೆ. ಕಾಯಿ ಕಟ್ಟುವುದು ನೆಲದ ಒಳಗೆ. ಹಳದಿ ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕುಡಿಯೊಂದು ಹೊರಟು, ಕೆಳಮುಖವಾಗಿ ಬೆಳೆದು, ಮಣ್ಣನ್ನು ಚುಚ್ಚಿ ಒಳಗಿಳಿಯುತ್ತದೆ. ಆ ಸೂಜಿಯ ತುದಿಯೇ ಕತ್ತಲಲ್ಲಿ ಅಡ್ಡಲಾಗಿ ಊದಿಕೊಂಡು ಕಾಯಿಯಾಗುತ್ತದೆ. ಆಲೂಗಡ್ಡೆಯಂತೆ ಇದು ಗಡ್ಡೆಯಲ್ಲ, ಬೇರೂ ಅಲ್ಲ. ನೆಲದೊಳಗೆ ಹುಗಿದಿಟ್ಟ ಫಲ. ಈ ಒಂದು ವಿಚಿತ್ರದಿಂದ ಬೇಸಾಯದ ಪ್ರತಿ ಹೆಜ್ಜೆಯೂ ಬದಲಾಗುತ್ತದೆ. ಮೇಲ್ಮಣ್ಣು ಗಟ್ಟಿಯಾಗಿದ್ದರೆ ಸೂಜಿ ಒಳಗೆ ಹೋಗದು. ಸೂಜಿ ಇಳಿಯುವ ಹೊತ್ತಿಗೆ, ಅಂದರೆ ಬಿತ್ತಿದ ಒಂದೂವರೆ ತಿಂಗಳ ನಂತರ, ಎಡೆಕುಂಟೆ ಹೊಡೆದರೆ ಸೂಜಿಗಳೆಲ್ಲ ಮುರಿಯುತ್ತವೆ. ಕೀಳುವಾಗ ಮಣ್ಣು ಒಣಗಿ ಬಿಗಿದಿದ್ದರೆ ಗಿಡ ಕೈಗೆ ಬರುತ್ತದೆ, ಕಾಯಿ ನೆಲದಲ್ಲೇ ಉಳಿಯುತ್ತದೆ. ಹಸಿಯಾಗಿದ್ದರೆ ಕಾಯಿಯ ಜೊತೆ ಮಣ್ಣೂ ಬರುತ್ತದೆ. ಕಿತ್ತ ಮೇಲೆ ಮಳೆ ಬಂತೋ, ನಮ್ಮ ಗೊಂಚಲು ತಳಿಗಳ ಬೀಜ ಕಾಯಿಯೊಳಗೇ ಮೊಳಕೆಯೊಡೆಯುತ್ತದೆ.

ಬಿತ್ತನೆಯಿಂದಲೇ ಈ ತೊಡಕು ಶುರು. ಕೂರಿಗೆ ನಮ್ಮ ಹಿರಿಯರು ಕಂಡುಕೊಂಡ ಚೆಂದದ ಯಂತ್ರ. ರಾಗಿ, ಜೋಳದ ಕಾಳು ಬಟ್ಟಲಿನಿಂದ ಕೊಳವೆಗಳಲ್ಲಿ ಸರಾಗ ಇಳಿದು ಸಾಲಿಗೆ ಬೀಳುತ್ತದೆ. ಕಡಲೆಬೀಜ ದಪ್ಪ. ತೆಳುವಾದ ಸಿಪ್ಪೆ ಸುಲಿದರೂ ಬೇಳೆ ಬಿರಿದರೂ ಹುಟ್ಟುವುದಿಲ್ಲ. ಆದ್ದರಿಂದ ನೇಗಿಲಿನ ಹಿಂದೆ ಹೆಂಗಸರು ಮಡಿಲಲ್ಲಿ ಬೀಜ ಕಟ್ಟಿಕೊಂಡು ಒಂದೊಂದೇ ಬಿಡುತ್ತ ಹೋಗುವುದು ಬಹಳ ಕಾಲದ ಪದ್ಧತಿ. ಕೊಯ್ಲು ಇನ್ನೂ ದೊಡ್ಡ ಕೆಲಸ. ಕೀಳಬೇಕು, ಮಣ್ಣು ಕೊಡವಬೇಕು, ಕಾಯಿ ಬಿಸಿಲಿಗೆ ಬರುವಂತೆ ಗಿಡ ಒಡ್ಡಬೇಕು, ಬಳಿಕ ಕಾಯಿ ಬಿಡಿಸಬೇಕು. ಬಿಡಿಸುವ ಕೆಲಸಕ್ಕೆ ಕೂಲಿಯನ್ನು ಕಾಯಿಯಲ್ಲೇ ಅಳೆದು ಕೊಡುವ ರೂಢಿ ಹಲವು ಕಡೆ ಇತ್ತು. ಎಲ್ಲ ಮುಗಿದ ಮೇಲೆ ನೆಲದಲ್ಲಿ ಉಳಿದ ಕಾಯಿಯನ್ನು ಕೆದಕಿ ಆಯ್ದುಕೊಳ್ಳುವುದು ಬಡವರ ಪಾಲು. ಅದಕ್ಕೆ ಹಕ್ಕಲು ಎಂದು ಹೆಸರು. ಹಕ್ಕಲು ಆಯುವವರನ್ನು ಹೊಲದವನು ಗದರಿಸಿ ಓಡಿಸುವಂತಿರಲಿಲ್ಲ.

ಇಷ್ಟೆಲ್ಲ ಕೈಗಳು ಬೇಕಾದ ಬೆಳೆಯನ್ನು ಕೈಗಳೇ ಇಲ್ಲದೆ, ಬರೀ ಕಬ್ಬಿಣದ ಬಲದಿಂದ ಬೆಳೆಯಹೊರಟ ಒಂದು ಕಥೆ ಇದೆ. ಯಂತ್ರ ಬೇಸಾಯದ ಚರಿತ್ರೆಯಲ್ಲಿ ಅಷ್ಟು ದೊಡ್ಡ ಸೋಲು ಇನ್ನೊಂದು ಇರಲಾರದು.

ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ ಗೆದ್ದಿತ್ತು, ಆದರೆ ಅಲ್ಲಿಯ ಅಡುಗೆಮನೆಯಲ್ಲಿ ಕೊಬ್ಬು ಇರಲಿಲ್ಲ. ಬೆಣ್ಣೆ, ಮಾರ್ಗರೀನ್, ಎಣ್ಣೆ ಎಲ್ಲವೂ ರೇಷನ್. ಕೊಳ್ಳಲು ಡಾಲರಿಲ್ಲ. ಅಲ್ಲಿಯವರೆಗೆ ಭಾರತದಿಂದ ಧಾರಾಳವಾಗಿ ಹೋಗುತ್ತಿದ್ದ ಕಡಲೆಬೀಜ ಇನ್ನು ಮುಂದೆ ಬರುವ ಭರವಸೆಯೂ ಇರಲಿಲ್ಲ. ಇಲ್ಲಿಯ ಜನಕ್ಕೇ ಎಣ್ಣೆ ಬೇಕಾಗಿತ್ತು. 1946ರಲ್ಲಿ ಯುನಿಲಿವರ್ ಬಳಗದ ಯುನೈಟೆಡ್ ಆಫ್ರಿಕ ಕಂಪನಿಯ ಫ್ರಾಂಕ್ ಸ್ಯಾಮ್ಯುಯಲ್ ಒಂದು ಸಲಹೆ ಮುಂದಿಟ್ಟರು: ಬ್ರಿಟಿಷರ ಕೈಯಲ್ಲಿದ್ದ ಟಾಂಗನಿಕಾದಲ್ಲಿ, ಅಂದರೆ ಇಂದಿನ ತಾಂಜಾನಿಯದಲ್ಲಿ, ಕುರುಚಲು ಕಾಡು ಕಡಿದು ಭಾರಿ ಪ್ರಮಾಣದಲ್ಲಿ ಯಂತ್ರಗಳಿಂದ ಕಡಲೆಕಾಯಿ ಬೆಳೆಯುವುದು. ಜಾನ್ ವೇಕ್‌ಫೀಲ್ಡ್ ಎಂಬ ಕೃಷಿ ಅಧಿಕಾರಿಯ ತಂಡ ಕೆಲವೇ ವಾರ ಸುತ್ತಾಡಿ ಬಂದು ಆಗಬಹುದೆಂದು ವರದಿ ಕೊಟ್ಟಿತು. ಸರ್ಕಾರ ಒಪ್ಪಿತು. ಆಹಾರ ಸಚಿವ ಜಾನ್ ಸ್ಟ್ರೇಚಿ ಯೋಜನೆಯ ದೊಡ್ಡ ಪ್ರತಿಪಾದಕರಾದರು.

ಅಂಕಿಗಳನ್ನು ನೋಡಿ. ತಲಾ 30,000 ಎಕರೆಯ 107 ತೋಟಗಳು. ಒಟ್ಟು 32 ಲಕ್ಷ ಎಕರೆಗೂ ಮಿಗಿಲು. ಬಹುಪಾಲು ಟಾಂಗನಿಕಾದಲ್ಲಿ, ಉಳಿದದ್ದು ಕೀನ್ಯಾ ಮತ್ತು ಉತ್ತರ ರೊಡೇಷಿಯಾದಲ್ಲಿ. ಖರ್ಚು ಸುಮಾರು 2 ಕೋಟಿ 40 ಲಕ್ಷ ಪೌಂಡು. ವರ್ಷಕ್ಕೆ ಲಕ್ಷಗಟ್ಟಲೆ ಟನ್ ಬೀಜ. ಕೆಲಸಕ್ಕೆ ಜನ ಬೇಕೆಂದು ಕರೆ ಕೊಟ್ಟಾಗ ಸೈನ್ಯದಿಂದ ಬಿಡುಗಡೆಯಾದವರು ಹಿಂಡುಹಿಂಡಾಗಿ ಅರ್ಜಿ ಹಾಕಿದರು. ಪತ್ರಿಕೆಗಳು ಅವರನ್ನು ಕಡಲೆಕಾಯಿ ಸೈನ್ಯವೆಂದೇ ಕರೆದವು. ಯೋಜನೆಯ ಭಾಷೆ, ಉಡುಗೆ, ಮೇಲಧಿಕಾರಿ, ಎಲ್ಲವೂ ದಂಡಿನ ರೀತಿಯದೇ.

ಮೊದಲ ಬಿಡಾರ ನಾಡಿನ ನಡುಭಾಗದ ಕೊಂಗ್ವಾದಲ್ಲಿ. ದನಗಾಹಿಗಳೂ ಜೋಳ, ಸಜ್ಜೆ ಬೆಳೆಯುವವರೂ ಆದ ಗೋಗೋ ಜನರ ಸೀಮೆ ಅದು. ಪದೇ ಪದೇ ಬರಗಾಲ ಕಂಡ ಸೀಮೆ. ಅಲ್ಲಿ ಮಳೆ ಹೇಗೆ ಬೀಳುತ್ತದೆ, ಎಷ್ಟು ವರ್ಷಕ್ಕೊಮ್ಮೆ ಕೈಕೊಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅವರನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಇಷ್ಟು ವಿಶಾಲ ನೆಲ ಖಾಲಿ ಬಿದ್ದಿದ್ದೇಕೆ ಎಂಬ ಸಣ್ಣ ಪ್ರಶ್ನೆಯನ್ನು ಒಬ್ಬರಾದರೂ ಗಟ್ಟಿಯಾಗಿ ಕೇಳಿದ್ದರೆ ಎಷ್ಟೋ ಹಣ ಉಳಿಯುತ್ತಿತ್ತು.

ಯುದ್ಧ ಆಗಷ್ಟೇ ಮುಗಿದಿದ್ದರಿಂದ ಹೊಸ ಟ್ರ್ಯಾಕ್ಟರುಗಳು ಸಿಗುವಂತಿರಲಿಲ್ಲ. ಫಿಲಿಪೀನ್ಸಿನಲ್ಲಿ ಅಮೆರಿಕದ ಸೈನ್ಯ ಬಿಟ್ಟುಹೋದ ಹಳೆಯ ಟ್ರ್ಯಾಕ್ಟರು, ಬುಲ್‌ಡೋಜರುಗಳನ್ನು ಕೊಂಡು ಹಡಗಿಗೆ ಹಾಕಿದರು. ಸಾಲದ್ದಕ್ಕೆ ಷರ್ಮನ್ ಟ್ಯಾಂಕುಗಳ ತೋಪು ತೆಗೆದು ವಿಕರ್ಸ್ ಕಾರ್ಖಾನೆಯಲ್ಲಿ ಟ್ರ್ಯಾಕ್ಟರುಗಳನ್ನಾಗಿ ಮಾರ್ಪಡಿಸಿದರು. ಷರ್ಮನ್, ವಿಕರ್ಸ್ ಎರಡೂ ಸೇರಿ ಅದಕ್ಕೆ ಷರ್ವಿಕ್ ಎಂಬ ಹೆಸರಾಯಿತು. ಕಾಡಿಗಿಳಿದಾಗ ಇವು ಒಂದೊಂದಾಗಿ ಕೆಟ್ಟು ನಿಂತವು. ಬಿಡಿಭಾಗಗಳಿಲ್ಲ, ಸರಿಮಾಡುವ ಕಮ್ಮಟ ಇನ್ನೂ ಎದ್ದಿಲ್ಲ, ಓಡಿಸುವವರಿಗೆ ತರಬೇತಿ ಅಷ್ಟಕ್ಕಷ್ಟೇ. ಮುಳ್ಳುಪೊದೆಗಳು ಮೇಲೆ ತೆಳ್ಳಗೆ ಕಂಡರೂ ಬೇರುಗಳು ಆಳಕ್ಕೂ ಅಗಲಕ್ಕೂ ಹೋಗಿ ನೇಗಿಲುಗಳನ್ನು ಮುರಿದವು. ಎರಡು ದೊಡ್ಡ ಟ್ರ್ಯಾಕ್ಟರುಗಳ ನಡುವೆ ಹಡಗಿನ ಲಂಗರಿನ ಸರಪಳಿ ಕಟ್ಟಿ ಎಳೆದರೆ ಮರಗಳು ಬುಡಮೇಲಾಗುತ್ತವೆಂದು ಕಂಡುಕೊಂಡು ಹಾಗೂ ಮಾಡಿದರು. ನಮ್ಮಲ್ಲಿ ದೊಡ್ಡಹುಣಸೆ ಎಂದು ಕರೆಯುವ ಬಾವೊಬಾಬ್ ಮರಗಳು ಆ ಬಯಲಲ್ಲಿ ಎಲ್ಲೆಲ್ಲೂ ಇದ್ದವು. ಪೊಳ್ಳು ಕಾಂಡಗಳಲ್ಲಿ ಜೇನು. ಮರಕ್ಕೆ ಯಂತ್ರ ತಾಗಿದೊಡನೆ ಹುಳುಗಳು ಎದ್ದು ಚಾಲಕರನ್ನು ಆಸ್ಪತ್ರೆಗೆ ಕಳಿಸಿದವು. ಒಂದು ಪೊಳ್ಳು ಮರವನ್ನು ಊರ ಸೆರೆಮನೆಯಾಗಿ ಬಳಸುತ್ತಿದ್ದರೆಂದೂ ಹೇಳುತ್ತಾರೆ.

1947ರ ಕೊನೆಯೊಳಗೆ ಒಂದೂವರೆ ಲಕ್ಷ ಎಕರೆ ಹಸನು ಮಾಡಬೇಕೆಂಬುದು ಗುರಿಯಾಗಿತ್ತು. ಆದದ್ದು ಸುಮಾರು 7,500 ಎಕರೆ. ಹಸನು ಮಾಡಿದ ನೆಲದಲ್ಲಾದರೂ ಬೆಳೆ ಬಂತೇ? ಇಲ್ಲಿಯೇ ಕಡಲೆಕಾಯಿಯ ಸ್ವಭಾವ ತನ್ನ ಲೆಕ್ಕ ಕೇಳಿದ್ದು. ಕೊಂಗ್ವಾದ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಮಳೆ ನಿಂತು ಬಿಸಿಲು ಬಿತ್ತೋ ಇಟ್ಟಿಗೆಯಂತೆ ಗಟ್ಟಿ. ಒಳಗಿನ ಕಾಯಿಗಳನ್ನು ಕಬ್ಬಿಣದ ಗುಳ ಹಾಕಿ ಎಬ್ಬಿಸಲಾಗದು. ಮಣ್ಣಿನಲ್ಲಿದ್ದ ಹರಳು ಮರಳು ಗುಳಗಳನ್ನೇ ತಿಂದುಹಾಕಿತು. ಮಳೆಯೂ ಕೈಕೊಟ್ಟಿತು. ಬಿತ್ತಿದ ಬೀಜದಷ್ಟೂ ಬೆಳೆ ಮರಳಿ ಬರಲಿಲ್ಲ. ಕಡಲೆಕಾಯಿ ಬಿಟ್ಟು ಸೂರ್ಯಕಾಂತಿ ಹಾಕಿದರು, ಅದೂ ಒಣಗಿತು. 1951ರ ಜನವರಿಯಲ್ಲಿ ಸರ್ಕಾರ ಸೋಲೊಪ್ಪಿಕೊಂಡು 3 ಕೋಟಿ 60 ಲಕ್ಷ ಪೌಂಡುಗಳನ್ನು ಲೆಕ್ಕದಿಂದ ಹೊಡೆದುಹಾಕಿತು. ಬೀಜ ಸಾಗಿಸಲೆಂದು ಕಟ್ಟಿದ ಮ್ತ್ವಾರಾ ಬಂದರು ಉಳಿಯಿತು. ಅದಕ್ಕೆ ಸೇರಿದ ರೈಲು ಹಳಿಗಳನ್ನು ಆಮೇಲೆ ಕಿತ್ತರು. ಕೊಂಗ್ವಾಕ್ಕೆ 1960ರ ದಶಕದಲ್ಲಿ ಬೇರೊಂದು ದೆಸೆ ಬಂತು: ದಕ್ಷಿಣ ಆಫ್ರಿಕ, ಮೊಜಾಂಬಿಕ್, ನಮೀಬಿಯಗಳ ಸ್ವಾತಂತ್ರ್ಯ ಹೋರಾಟಗಾರರು ಅಲ್ಲಿ ಬಿಡಾರ ಹೂಡಿದರು.

ಈ ಕಥೆಯನ್ನು ಯಂತ್ರವೇ ಕೆಟ್ಟದ್ದೆಂದು ತೋರಿಸಲು ಹೇಳುವವರಿದ್ದಾರೆ. ಅದು ಸರಿಯಲ್ಲ. ಅದೇ ವರ್ಷಗಳಲ್ಲಿ ಅಮೆರಿಕದ ಜಾರ್ಜಿಯ ಸೀಮೆಯಲ್ಲಿ ಕಡಲೆಕಾಯಿ ಕೊಯ್ಲು ಕೈಯಿಂದ ಯಂತ್ರಕ್ಕೆ ದಾಟುತ್ತಿತ್ತು ಮತ್ತು ಗೆದ್ದಿತು. ಅಲ್ಲಿಯೂ ಮೊದಲು ಗಿಡ ಕಿತ್ತು, ಹೊಲದಲ್ಲಿ ನೆಟ್ಟ ಗೂಟಗಳ ಸುತ್ತ ಬಣವೆ ಒಟ್ಟಿ ವಾರಗಟ್ಟಲೆ ಒಣಗಿಸುತ್ತಿದ್ದರು. ಕೂಲಿಗಳು ಪಟ್ಟಣ ಸೇರಿದಂತೆ ಕೆಲಸವನ್ನು ಎರಡಾಗಿ ಒಡೆದರು. ಮೊದಲ ಯಂತ್ರ ಕಾಯಿಯ ಕೆಳಗೆ ಅಲಗು ಹಾಯಿಸಿ, ಗಿಡವನ್ನೆತ್ತಿ, ಮಣ್ಣು ಕೊಡವಿ, ಬೇರು ಮೇಲಾಗುವಂತೆ ಮಗುಚಿ ಸಾಲಾಗಿ ಮಲಗಿಸುತ್ತದೆ. ಎರಡು ಮೂರು ದಿನ ಬಿಸಿಲಿಗೆ ಬಿಟ್ಟ ಮೇಲೆ ಎರಡನೆಯ ಯಂತ್ರ ಆ ಸಾಲನ್ನು ನುಂಗಿ ಕಾಯಿ ಬಿಡಿಸುತ್ತದೆ. ನಮ್ಮ ಹೆಂಗಸರು ಮಾಡುತ್ತಿದ್ದುದೂ ಇದನ್ನೇ, ಇದೇ ಕ್ರಮದಲ್ಲಿ. ಆದರೆ ಅಲ್ಲಿ ನೆಲ ಮರಳುಮಿಶ್ರಿತ, ಸಡಿಲ. ಸುತ್ತಮುತ್ತ ದುರಸ್ತಿ ಅಂಗಡಿಗಳಿದ್ದವು. ಯಂತ್ರಕ್ಕೆ ತಕ್ಕ ತಳಿಗಳನ್ನು ಬೆಳೆಸಿದರು. 1969ರಲ್ಲಿ ಬಂದ ಫ್ಲೋರನ್ನರ್ ಅಂಥದೊಂದು. ಅಲ್ಲಿ ಈ ಬದಲಾವಣೆಗೆ ಹತ್ತಾರು ವರ್ಷ ಹಿಡಿಯಿತು. ಕೊಂಗ್ವಾದವರು ಅದನ್ನು ಒಂದೇ ಬೇಸಿಗೆಯಲ್ಲಿ ಮುಗಿಸಹೊರಟಿದ್ದರು.

ನಮ್ಮಲ್ಲಿ ಯಂತ್ರ ಹೊಲಕ್ಕಿಂತ ಮೊದಲು ಅಂಗಳಕ್ಕೆ ಬಂತು, ಸುಲಿಯುವ ರೂಪದಲ್ಲಿ. ಬಾಗಿದ ಜಾಲರಿಯೊಂದರ ಮೇಲೆ ಕಬ್ಬಿಣದ ಹಲ್ಲುಗಳಿರುವ ಪಟ್ಟಿ ಹಿಂದೆ ಮುಂದೆ ಆಡುತ್ತದೆ. ನಡುವೆ ಸಿಕ್ಕ ಕಾಯಿ ಒಡೆದು ಬೀಜ ಜಾಲರಿಯಿಂದ ಉದುರುತ್ತದೆ. ನಿಂತು ಕೈಯಿಂದ ಹಿಡಿ ಆಡಿಸುವ ಈ ಸರಳ ಯಂತ್ರದ ಒಡಲು ಊರ ಬಡಗಿ, ಕಮ್ಮಾರರಿಗೆ ಅರ್ಥವಾಗುವಂಥದು. ಕೆಟ್ಟರೆ ಊರಲ್ಲೇ ಸರಿಹೋಗುತ್ತದೆ. ಆದರೂ ಬಿತ್ತನೆ ಬೀಜವನ್ನು ಮಾತ್ರ ಬಹಳ ಮನೆಗಳಲ್ಲಿ ಕೈಯಿಂದಲೇ ಸುಲಿಯುತ್ತಾರೆ. ಕಾರಣವಿದೆ. ಕಡಲೆಕಾಯಿ ಬೀಜ ರಾಗಿಯಂತೆ ಒಂದಕ್ಕೆ ನೂರಾಗಿ ಬರುವುದಿಲ್ಲ. ಒಂದು ಪಾಲು ಬಿತ್ತಿದರೆ ಎಂಟು ಹತ್ತು ಪಾಲು ಬಂದರೆ ಹೆಚ್ಚು. ಬೆಳೆದುದರಲ್ಲಿ ದೊಡ್ಡ ಭಾಗ ಮುಂದಿನ ಬಿತ್ತನೆಗೇ ಎತ್ತಿಡಬೇಕು. ಅದರಲ್ಲಿ ಯಂತ್ರದ ಹಲ್ಲಿಗೆ ಸಿಕ್ಕಿ ಬೇಳೆಯಾದದ್ದೆಲ್ಲ ರೈತನ ನಷ್ಟ. 1940ರಲ್ಲಿ ತಿಂಡಿವನಂ ಸಂಶೋಧನಾ ಕೇಂದ್ರದಿಂದ ಹೊರಬಂದ ಟಿ.ಎಂ.ವಿ.-2 ಎಂಬ ಗೊಂಚಲು ತಳಿ ನಮ್ಮ ಬಯಲುಸೀಮೆಯಲ್ಲಿ ಅರ್ಧ ಶತಮಾನ ಮೀರಿ ಉಳಿದುಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು: ಇಷ್ಟೊಂದು ಬೀಜ ಬೇಕಾದ ಬೆಳೆಯಲ್ಲಿ ಹೊಸ ತಳಿ ಹರಡುವುದು ನಿಧಾನ.

ಸುಲಿಯುವ ಕೆಲಸ ಹೆಣ್ಣುಮಕ್ಕಳ ಬೆರಳುಗಳನ್ನು ಹೇಗೆ ಸವೆಸುತ್ತದೆ ಎಂಬುದನ್ನು ಆಫ್ರಿಕದಲ್ಲಿ ಕಂಡವರೊಬ್ಬರಿದ್ದಾರೆ. ಜಾಕ್ ಬ್ರ್ಯಾಂಡಿಸ್ ಎಂಬವರು 2001ರಲ್ಲಿ ಪಶ್ಚಿಮ ಆಫ್ರಿಕದ ಮಾಲಿ ದೇಶದ ಹಳ್ಳಿಯೊಂದಕ್ಕೆ ನೀರಿನ ವ್ಯವಸ್ಥೆ ಸರಿಪಡಿಸಲು ಹೋಗಿದ್ದರು. ಅಲ್ಲಿಯ ಹೆಂಗಸರ ಪಾಡು ನೋಡಿ, ಅಗ್ಗದ ಸುಲಿಯುವ ಯಂತ್ರ ಕಳಿಸುತ್ತೇನೆಂದು ಮಾತು ಕೊಟ್ಟರು. ಊರಿಗೆ ಮರಳಿ ಹುಡುಕಿದರೆ ಅಂಥ ಯಂತ್ರವೇ ಸಿಗಲಿಲ್ಲ. ಕೊನೆಗೆ ತಾವೇ ಕಾಂಕ್ರೀಟಿನಿಂದ ಒಂದನ್ನು ಎರಕ ಹೊಯ್ದರು: ಮೇಲಗಲ, ಕೆಳಗೆ ಕಿರಿದಾದ ಒಂದು ಪಾತ್ರೆ, ಅದರೊಳಗೆ ತಿರುಗುವ ಅದೇ ಆಕಾರದ ದಿಂಡು. ನಡುವಿನ ಸಂದಿಯಲ್ಲಿ ಕಾಯಿ ಜಾರುತ್ತ ಉಜ್ಜಿ ಒಡೆಯುತ್ತದೆ. ಗಂಟೆಗೆ ಸುಮಾರು 50 ಕಿಲೋ. ಅಚ್ಚು ಒಂದಿದ್ದರೆ ಸಾಕು, ಸಿಮೆಂಟು ಮರಳು ಎಲ್ಲಿಯೂ ಸಿಗುತ್ತದೆ. ನಮ್ಮ ಬೀಸುವ ಕಲ್ಲು ಕಂಡವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು.

ಸುಲಿಯುವ ಸುಲಭಕ್ಕಾಗಿ ಒಂದು ಕೆಟ್ಟ ರೂಢಿಯೂ ಬೆಳೆದಿದೆ. ಸಿಪ್ಪೆ ಮೆತ್ತಗಾಗಲೆಂದೂ ಬೀಜ ಒಡೆಯದಿರಲೆಂದೂ ಕಾಯಿಗೆ ನೀರು ಚಿಮುಕಿಸುತ್ತಾರೆ. ಹೀಗೆ ತೇವವಾದ ಬೀಜವನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟು ಎಂಥದೆಂದು ಜಗತ್ತಿಗೆ ತಿಳಿದದ್ದು 1960ರಲ್ಲಿ. ಇಂಗ್ಲೆಂಡಿನಲ್ಲಿ ಆ ವರ್ಷ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಹೆಸರಿಲ್ಲದ ರೋಗದಿಂದ ಸತ್ತವು. ಹುಡುಕಿ ಹೋದಾಗ ಅವು ತಿಂದ, ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ವಿಷ ಸಿಕ್ಕಿತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಪಿತ್ತಜನಕಾಂಗಕ್ಕೆ ಕ್ಯಾನ್ಸರ್ ತರಬಲ್ಲ ಈ ವಿಷ ಹುರಿದರೂ ಪೂರ್ತಿ ಹೋಗದು. ಆದ್ದರಿಂದ ಕಾಯಿಯನ್ನು ಬೇಗ, ಚೆನ್ನಾಗಿ ಒಣಗಿಸುವ ಯಂತ್ರವಿದ್ದರೆ ಅದು ಸುಲಿಯುವ ಯಂತ್ರಕ್ಕಿಂತ ಹೆಚ್ಚಿನ ಉಪಕಾರ ಮಾಡೀತು. ನಮ್ಮಲ್ಲಿ ಅದಕ್ಕೆ ಇಂದಿಗೂ ಬಿಸಿಲೇ ಗತಿ.

ಇನ್ನು ಎಣ್ಣೆಯ ಮಾತು. ಗಾಣ ನಮ್ಮಲ್ಲಿ ಕಡಲೆಕಾಯಿಗಿಂತ ಬಹಳ ಹಳೆಯದು. ಕನ್ನಡ ಶಾಸನಗಳಲ್ಲಿ ಗಾಣದೆರೆ ಎಂಬ ತೆರಿಗೆ ಬರುತ್ತದೆ. ದೇವರ ನಂದಾದೀಪಕ್ಕೆ ಗಾಣದ ಎಣ್ಣೆ ಬಿಟ್ಟುಕೊಟ್ಟ ದಾನಗಳೂ ಇವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪನಿದ್ದಾನೆ. ಆಗ ಒರಳಿಗೆ ಬೀಳುತ್ತಿದ್ದುದು ಎಳ್ಳು, ಕುಸುಬೆ, ಹುಚ್ಚೆಳ್ಳು. ಕಡಲೆಬೀಜ ಬಂದ ಮೇಲೆ ಅದೇ ಒರಳು ಅದನ್ನೂ ಅರೆಯಿತು. ಈ ಗಾಣದ ಕುಲಚರಿತ್ರೆಯನ್ನು ಊರೂರಿನ ನಮೂನೆಗಳೊಂದಿಗೆ ಬರೆದಿಟ್ಟವರು ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಕೆ.ಟಿ. ಅಚ್ಚಯ್ಯ.

ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ. ಎತ್ತಿನ ಗಾಣ ಎಷ್ಟು ಹಿಂಡಿದರೂ ಹಿಂಡಿಯಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ಎಣ್ಣೆ ಉಳಿಯುತ್ತದೆ. 1900ರಲ್ಲಿ ಅಮೆರಿಕದ ವಲೇರಿಯಸ್ ಆಂಡರ್ಸನ್ ಎಂಬವರು ಎಕ್ಸ್‌ಪೆಲ್ಲರ್ ಎಂಬ ಯಂತ್ರ ಮಾಡಿದರು. ತಿರುಪಿನಂಥ ಅಚ್ಚು ಬೀಜವನ್ನು ಮುಂದಕ್ಕೆ ತಳ್ಳುತ್ತ ಒತ್ತುತ್ತ ಹೋಗುತ್ತದೆ. ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಹಿಂಡಿ, ನಿಲ್ಲಿಸುವ ಮಾತೇ ಇಲ್ಲ. ಹಿಂಡಿಯಲ್ಲಿ ಉಳಿಯುವುದು ಆರೇಳು ಪಾಲು. ಆ ಬಳಿಕ ಬಂದ ದ್ರಾವಕ ಪದ್ಧತಿಯಲ್ಲಿ ಹಿಂಡಿಯನ್ನು ಹೆಕ್ಸೇನ್ ಎಂಬ ದ್ರವದಲ್ಲಿ ತೊಳೆದರೆ ಒಂದು ಪಾಲೂ ಉಳಿಯದು. ಕೇಳಲು ಇದು ಎಣ್ಣೆಯ ಲೆಕ್ಕ. ಆದರೆ ಗಾಣದ ಹಿಂಡಿಯಲ್ಲಿ ಉಳಿಯುತ್ತಿದ್ದ ಎಣ್ಣೆ ವ್ಯರ್ಥವಾಗುತ್ತಿರಲಿಲ್ಲ. ಊರಿನ ಎತ್ತು, ಎಮ್ಮೆಗಳ ಹೊಟ್ಟೆ ಸೇರುತ್ತಿತ್ತು. ಗಾಣಿಗನ ಎತ್ತು ಮೈ ತುಂಬಿಕೊಂಡಿರುತ್ತಿದ್ದುದು ಅದರಿಂದಲೇ.

1934ರಲ್ಲಿ ಗಾಂಧೀಜಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಕಟ್ಟಿದಾಗ ಗಾಣವನ್ನು ಬಿಡಬೇಕೆಂದಲ್ಲ, ಸುಧಾರಿಸಬೇಕೆಂದು ಹೊರಟರು. ವರ್ಧಾದ ಮಗನವಾಡಿಯಲ್ಲಿ ಝವೇರಭಾಯಿ ಪಟೇಲರು ಬೇರೆ ಬೇರೆ ಪ್ರಾಂತಗಳ ಗಾಣಗಳನ್ನು ಹೋಲಿಸಿ, ಹೆಚ್ಚು ಬೀಜ ಹಿಡಿಸುವ, ಎತ್ತಿಗೆ ಭಾರವಾಗದ ಒಂದು ಮಾದರಿ ಮಾಡಿದರು. ವರ್ಧಾ ಗಾಣವೆಂದು ಅದು ಹೆಸರಾಯಿತು. ಆದರೆ ಕಾಲ ಬೇರೆ ದಿಕ್ಕಿನಲ್ಲಿ ಓಡುತ್ತಿತ್ತು. 1937ರಲ್ಲಿ ಡಾಲ್ಡಾ ಬಂತು. ಕಡಲೆಕಾಯಿ ಎಣ್ಣೆಯನ್ನು ಗಟ್ಟಿಮಾಡಿ ತುಪ್ಪದ ರೂಪ ಕೊಡುವ ವನಸ್ಪತಿ ಕಾರ್ಖಾನೆಗಳಿಗೆ ಟ್ಯಾಂಕರುಗಟ್ಟಲೆ ಎಣ್ಣೆ ಬೇಕಾಯಿತು. ಅದನ್ನು ಪೂರೈಸುವುದು ಗಾಣದ ಕೈಲಾಗುತ್ತಿರಲಿಲ್ಲ.

ಚಳ್ಳಕೆರೆ ಎಣ್ಣೆ ನಗರವಾದದ್ದು ಈ ಗಾಳಿಯಲ್ಲಿ. ಸುತ್ತಲಿನ ಹೊಲಗಳ ಕಾಯಿ, ಊರಿನ ಮಿಲ್ಲುಗಳು, ದೂರದ ಪಟ್ಟಣಗಳ ವ್ಯಾಪಾರ ಮೂರೂ ಸೇರಿ ಆ ಒಣ ಊರಿಗೆ ಸಂಪತ್ತು ತಂದವು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಬೀಜಗಳ ತಾಂತ್ರಿಕ ಮಿಷನ್ ಆರಂಭಿಸಿದಾಗ ದೇಶ ಎಣ್ಣೆಯಲ್ಲಿ ಸ್ವಾವಲಂಬನೆಯ ಹತ್ತಿರವೂ ಬಂತು. 1994ರಲ್ಲಿ ಪಾಮೊಲಿನ್ ಎಣ್ಣೆಯ ಆಮದನ್ನು ಮುಕ್ತಗೊಳಿಸಿದ ಮೇಲೆ ಮಲೇಷಿಯ, ಇಂಡೊನೇಷಿಯಗಳ ಅಗ್ಗದ ಎಣ್ಣೆ ಹಡಗಿಳಿಯಿತು. ಚಳ್ಳಕೆರೆಯ ಮಿಲ್ಲುಗಳು ಒಂದಾದ ಮೇಲೊಂದು ಬಾಗಿಲು ಹಾಕಿದವು. ಇಂದು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಇತ್ತ ಬೆಂಗಳೂರಿನ ಬಡಾವಣೆಗಳಲ್ಲಿ ಮರದ ಗಾಣದ ಎಣ್ಣೆ ಎಂಬ ಫಲಕ ಹೊತ್ತ ಅಂಗಡಿಗಳು ಎದ್ದಿವೆ. ಒರಳು ಮರದ್ದೇ, ಆದರೆ ಎತ್ತಿನ ಜಾಗದಲ್ಲಿ ವಿದ್ಯುತ್ ಮೋಟಾರು. ಬೆಲೆ ಮಿಲ್ಲಿನ ಎಣ್ಣೆಗಿಂತ ಹೆಚ್ಚು. ಮಿಲ್ಲು ಬಂದಾಗ ಗಾಣ ಬಿಟ್ಟ ಮನೆತನಗಳಿಗೆ ಈ ಹೊಸ ಬೇಡಿಕೆಯಿಂದ ಎಷ್ಟು ಸಿಕ್ಕಿತು ಎಂದು ಕೇಳುವವರು ಕಡಿಮೆ.

ಹೊಲಕ್ಕೂ ಈಗ ಯಂತ್ರ ಬಂದಿದೆ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಬಿತ್ತುವ ಕೂರಿಗೆ, ಗಿಡ ಎಬ್ಬಿಸುವ ಅಲಗು, ಬಾಡಿಗೆಗೆ ಊರೂರು ಸುತ್ತುವ ಕಾಯಿ ಬಿಡಿಸುವ ಯಂತ್ರ. ಕೂಲಿಗೆ ಜನ ಸಿಗದ ಊರುಗಳಲ್ಲಿ ಇವಿಲ್ಲದಿದ್ದರೆ ಬೆಳೆ ಹೊಲದಲ್ಲೇ ಮೊಳೆಯುತ್ತಿತ್ತು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ದಿನವಿಡೀ ಕಾಯಿ ಬಿಡಿಸಿದವರಿಗೆ ಆ ಕೆಲಸ ಹೋದದ್ದಕ್ಕೆ ದುಃಖವಿರಲಾರದು. ಕಾಯಿಯಲ್ಲಿ ಅಳೆದು ಕೊಡುತ್ತಿದ್ದ ಕೂಲಿ ಹೋದದ್ದಕ್ಕೆ ಇದೆ. ಆ ಕಾಯಿಯೇ ಮನೆಯಲ್ಲಿ ಚಟ್ನಿಯಾಗಿ, ಹುರಿದ ತಿಂಡಿಯಾಗಿ, ಒಂದಿಷ್ಟು ಗಾಣಕ್ಕೆ ಹೋಗಿ ವರ್ಷದ ಎಣ್ಣೆಯಾಗಿ ಬರುತ್ತಿತ್ತು. ಈಗ ಬಾಡಿಗೆ ಯಂತ್ರದವನಿಗೆ ಗಂಟೆಯ ಲೆಕ್ಕದಲ್ಲಿ ನಗದು. ಗಟ್ಟಿ ನೆಲದಲ್ಲಿ ಅಲಗು ತಪ್ಪಿಸಿ ಬಿಟ್ಟ ಕಾಯಿ ಮಾತ್ರ ಇಂದಿಗೂ ಉಳಿಯುತ್ತದೆ, ಮತ್ತು ಯಂತ್ರ ಹೊಲ ದಾಟಿದ ಸಂಜೆ ಪುಟ್ಟ ಕುಡುಗೋಲು, ಚೀಲ ಹಿಡಿದು ಹಕ್ಕಲಿಗೆ ಇಳಿಯುವವರೂ ಇದ್ದಾರೆ.